ಕೊಲ್ಲಿ ನಾಡಿನಲ್ಲಿ ಬಿಸಿನೀರಿನ ಲೆಕ್ಕ

ದುಬೈ, ಅಬುಧಾಬಿಯ ಬಹಳಷ್ಟು ಫ್ಲ್ಯಾಟುಗಳಲ್ಲಿ ಸ್ನಾನದ ನೀರು ಕಾಯುವುದು ಬಚ್ಚಲಿನ ಫಾಲ್ಸ್ ಸೀಲಿಂಗಿನೊಳಗೆ ಕೂರಿಸಿದ ಗೀಸರಿನಲ್ಲಿ. ಅದರ ಥರ್ಮೋಸ್ಟಾಟಿಗೆ ತೊಟ್ಟಿಯೊಳಗಿನ ಬಿಸಿ ಮಾತ್ರ ಗೊತ್ತು. ಹೊರಗೆ ಜನವರಿಯೋ ಆಗಸ್ಟೋ ಅದಕ್ಕೆ ತಿಳಿಯದು.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಬಾಯ್ಲರುಗಳಿಗೆ ಈ ತಿಳಿವಳಿಕೆ ಕೊಡಲು ಹೊರಗೋಡೆಯ ಮೇಲೆ ಸೆನ್ಸರ್ ಹಾಕುತ್ತಾರೆ. ಚಳಿ ಇಳಿದಂತೆ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯೂ ಇಳಿಯುತ್ತದೆ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಕಂಡೆನ್ಸಿಂಗ್ ಬಾಯ್ಲರಿನಲ್ಲಿ ಹೊಗೆಯೊಳಗಿನ ನೀರಾವಿ ಹನಿಗಟ್ಟಿ, ವ್ಯರ್ಥವಾಗಿ ಹೋಗಬೇಕಿದ್ದ ಶಾಖವೂ ಕೈಸೇರುತ್ತದೆ. ಎಮಿರೇಟ್ಸ್‌ನಲ್ಲಿ ಮನೆ ಕಾಯಿಸುವ ಪ್ರಮೇಯವಿಲ್ಲ. ಆದರೂ ಹವೆ ನೋಡಿ ನೀರು ಕಾಯಿಸಬೇಕೆಂಬ ತತ್ವ ಅಲ್ಲಿನ ಗೀಸರಿಗೂ ಸಲ್ಲುತ್ತದೆ.

ಚಳಿಗಾಲದಲ್ಲಿ 20 ಡಿಗ್ರಿಯ 50 ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 2.3 ಯೂನಿಟ್ ಕರೆಂಟ್ ಬೇಕು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನಿಂದ ನೀರು 40 ಡಿಗ್ರಿಯಲ್ಲೇ ಇಳಿದು ಬಂದರೆ ಇದರ ಅರ್ಧ ಸಾಕು. ನಿಜಕ್ಕೆ ಆಗ ಸ್ನಾನಕ್ಕೆ ಕಾಯಿಸುವ ಅಗತ್ಯವೇ ಇರುವುದಿಲ್ಲ. ಆದರೂ ಸ್ವಿಚ್ ಹಾಕಿಯೇ ಇಟ್ಟರೆ ತೊಟ್ಟಿಯಿಂದ ಸೋರುವ ಶಾಖ ಮನೆಯೊಳಗೇ ಸೇರುತ್ತದೆ, ಅದನ್ನು ಹೊರಹಾಕುವ ಕೆಲಸ ಎಸಿಯ ಪಾಲಿಗೆ ಬರುತ್ತದೆ. ಒಂದೇ ಶಾಖಕ್ಕೆ ಎರಡು ಸಲ ದುಡ್ಡು ತೆತ್ತಂತೆ.

ಸೆಕೆಗಾಲದಲ್ಲಿ ಗೀಸರ್ ಆರಿಸಿ, ಅದನ್ನೇ ತಣ್ಣೀರಿನ ತೊಟ್ಟಿಯಾಗಿ ಬಳಸುವುದು ಕೊಲ್ಲಿಯ ಮನೆಗಳಲ್ಲಿ ಹಳೆಯ ರೂಢಿ. ಎಸಿಯ ತಂಪಿನಲ್ಲಿ ನಿಂತ ನೀರು ಬಿಸಿನೀರಿನ ನಲ್ಲಿಯಿಂದ ಹದವಾಗಿ ಬರುತ್ತದೆ; ತಣ್ಣೀರಿನ ನಲ್ಲಿಯದೇ ಸುಡುತ್ತದೆ. ಜಾಣತನದ ಉಪಾಯವಿದು, ಆದರೆ ಒಂದು ಎಚ್ಚರಿಕೆ ಅಗತ್ಯ. ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಬಹುಬೇಗ ಸಾಯುತ್ತದೆ. ಆದ್ದರಿಂದ ಆರಿಸಿಟ್ಟ ಗೀಸರಿನ ನೀರು ದಿನವೂ ಬಳಕೆಯಾಗುತ್ತಿರಬೇಕು. ವಾರಕ್ಕೊಮ್ಮೆ 60 ಡಿಗ್ರಿಗೆ ಕಾಯಿಸಿ ನಲ್ಲಿಗಳಲ್ಲಿ ಹರಿಸಿಬಿಡುವುದು ಒಳ್ಳೆಯದು. ರಜೆಗೆ ಊರಿಗೆ ಹೋಗಿ ಬಂದವರು ಇದನ್ನು ಮರೆಯಲೇಬಾರದು. ಆ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುವುದರಿಂದ ಮಕ್ಕಳನ್ನು ದೂರವಿಡಬೇಕು.

ಚಳಿಗಾಲಕ್ಕೆ ಟೈಮರ್ ಸಾಕು. 1.5 ಕಿಲೋವ್ಯಾಟ್‌ನ ಗೀಸರ್ 50 ಲೀಟರ್ ಕಾಯಿಸಲು ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಸ್ನಾನದ ಹೊತ್ತಿಗಿಂತ ಅಷ್ಟು ಮುಂಚೆ ಹೊತ್ತಿಕೊಂಡರಾಯಿತು.

ವಿಲ್ಲಾಗಳ ಕತೆ ಬೇರೆ. ದುಬೈ ಮುನಿಸಿಪಾಲಿಟಿಯ ಹಸಿರು ಕಟ್ಟಡ ನಿಯಮಗಳು ಹೊಸ ವಿಲ್ಲಾಗಳಿಗೂ ಕಾರ್ಮಿಕರ ವಸತಿಗಳಿಗೂ ಸೋಲಾರ್ ವಾಟರ್ ಹೀಟರನ್ನು ಕಡ್ಡಾಯ ಮಾಡಿವೆ. ಬಿಸಿನೀರಿನ ಅಗತ್ಯದ ಶೇ. 75ರಷ್ಟು ಅದರಿಂದಲೇ ಬರಬೇಕು. ಬೆಂಗಳೂರಿನ ತಾರಸಿಗಳಲ್ಲಿ ಸೋಲಾರ್ ಕಂಡು ಬೆಳೆದವರಿಗೆ ಇದು ಹೊಸದಲ್ಲ. ಆದರೆ ಇಂಥ ತೊಟ್ಟಿಯೊಳಗೆ ಮೋಡದ ದಿನಕ್ಕೆಂದು ಕರೆಂಟಿನ ಕಾಯಿಲ್ ಕೂಡ ಇರುತ್ತದೆ. ಅದು ಬೆಳಗಿನಿಂದ ಚಾಲೂ ಇದ್ದರೆ ಬಿಸಿಲೇರುವ ಮೊದಲೇ ನೀರು ಕಾದು, ಸೂರ್ಯನಿಗೆ ಕೆಲಸವೇ ಉಳಿಯುವುದಿಲ್ಲ. ಟೈಮರ್ ಹಾಕಿ, ಬಿಸಿಲು ಇಳಿದ ಮೇಲೆ, ನೀರು ಸಾಲದಷ್ಟು ತಣ್ಣಗಿದ್ದಾಗ ಮಾತ್ರ ಕಾಯಿಲ್ ಹೊತ್ತಿಕೊಳ್ಳುವಂತೆ ಪ್ಲಂಬರ್ ಅಥವಾ ಎಲೆಕ್ಟ್ರಿಷಿಯನ್‌ನಿಂದ ಹೊಂದಿಸಿಕೊಳ್ಳಬೇಕು.