ಶತ್ರುವಿನ ಹೆಸರಿನಲ್ಲಿ ಉಳಿದ ಪುಸ್ತಕ

ಬಾಳೆಹೊನ್ನೂರಿನ ಭದ್ರಾ ತೀರದಲ್ಲಿ ರಂಭಾಪುರಿ ಪೀಠವಿದೆ. ಜೀವ ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳನ್ನು ಹೊತ್ತೇ ಬರುತ್ತದೆ, ಗುರುಕಾರುಣ್ಯದ ದೀಕ್ಷೆಯಿಂದ ಅವು ಕಳೆಯುತ್ತವೆ ಎಂಬುದು ಆ ಪರಂಪರೆಯ ಬೋಧೆ. ತಾಯಿಯ ಹೊಟ್ಟೆಯಲ್ಲಿರುವ ಕೂಸಿಗೇ ಎಂಟನೆಯ ತಿಂಗಳಲ್ಲಿ ಲಿಂಗಸಂಸ್ಕಾರ ಮಾಡಿಸುವ ರೂಢಿಯೂ ವೀರಶೈವರಲ್ಲಿದೆ. ಅದೇ ಸೀಮೆಯ ಕಾಫಿ ತೋಟಗಳ ನಡುವೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕಥೋಲಿಕರಿದ್ದಾರೆ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಯೂರಿದ ಸಿರಿಯನ್ ಕ್ರೈಸ್ತರಿದ್ದಾರೆ. ಇವರೂ ಹಸುಗೂಸನ್ನು ಚರ್ಚಿಗೆ ಎತ್ತಿಕೊಂಡು ಹೋಗಿ ಜ್ಞಾನಸ್ನಾನ ಮಾಡಿಸುತ್ತಾರೆ.

ಜ್ಞಾನಸ್ನಾನ ಪಾಪವನ್ನು ತೊಳೆಯುತ್ತದೆ ಎನ್ನುತ್ತದೆ ಚರ್ಚು. ಹಾಗಾದರೆ ಇನ್ನೂ ಕತ್ತು ನಿಲ್ಲದ ಕೂಸಿನ ಪಾಪ ಯಾವುದು? ಮೊದಲ ಮನುಷ್ಯ ಆದಾಮ ಮಾಡಿದ ತಪ್ಪು ಅವನ ಸಂತತಿಗೆಲ್ಲ ಅಂಟಿಕೊಂಡು ಬಂದಿದೆ, ಕ್ರಿಸ್ತನಿಂದ ಮಾತ್ರ ಅದರ ಬಿಡುಗಡೆ ಎಂಬ ಜನ್ಮಪಾಪದ ಬೋಧೆ ಈ ಪ್ರಶ್ನೆಗೆ ಸಿಕ್ಕ ಉತ್ತರ. ಪಶ್ಚಿಮದ ಚರ್ಚಿನಲ್ಲಿ ಆ ಉತ್ತರ ಗಟ್ಟಿಯಾದದ್ದು ಐದನೆಯ ಶತಮಾನದ ಒಂದು ದೊಡ್ಡ ವಾಗ್ವಾದದಲ್ಲಿ. ಗೆದ್ದವರ ಪುಸ್ತಕಗಳು ಇಂದಿಗೂ ಕಪಾಟು ತುಂಬ ಇವೆ. ಸೋತವನ ಮುಖ್ಯ ಪುಸ್ತಕ ಮಾತ್ರ ಸುಮಾರು ಸಾವಿರದ ಐನೂರು ವರ್ಷ ಮರೆಯಲ್ಲಿತ್ತು. ಅದು ಬೆಳಕಿಗೆ ಬಂದ ಬಗೆಯೇ ಈ ಕತೆ.

ಸೋತವನ ಹೆಸರು ಪೆಲೇಜಿಯಸ್. ಬ್ರಿಟನ್ನಿನಿಂದ ರೋಮಿಗೆ ಬಂದು ನೆಲೆಸಿದ್ದ ವಿರಕ್ತ. ದೇವರ ಆಜ್ಞೆ ಕೇಳಿದಾಗಲೆಲ್ಲ ‘ನಾವು ದುರ್ಬಲರು, ನಮ್ಮಿಂದಾಗದು’ ಎಂದು ನೆಪ ಹೇಳಿ ಮನಬಂದಂತೆ ಬದುಕುವ ಕ್ರೈಸ್ತರನ್ನು ಕಂಡರೆ ಅವನಿಗೆ ಸಂಕಟ. ಒಳಿತನ್ನು ಆರಿಸಿಕೊಳ್ಳುವ ಶಕ್ತಿಯನ್ನು ದೇವರು ಕೊಟ್ಟೇ ಹುಟ್ಟಿಸಿದ್ದಾನೆ, ಅದನ್ನು ಬಳಸಿ ಎಂದು ಅವನು ಬೋಧಿಸಿದ. ರೋಮಿನಲ್ಲಿದ್ದಾಗಲೇ ಬೈಬಲ್ಲಿನಲ್ಲಿ ಸಂತ ಪೌಲನ ಹೆಸರಿನಲ್ಲಿರುವ ಹದಿಮೂರು ಪತ್ರಗಳಿಗೆ ಚುಟುಕು ವ್ಯಾಖ್ಯಾನ ಬರೆದ. 410ರಲ್ಲಿ ಅಲಾರಿಕನ ಪಡೆ ರೋಮನ್ನು ಸೂರೆ ಮಾಡಿತು; ಪೆಲೇಜಿಯಸ್ ಆಫ್ರಿಕದ ಮಾರ್ಗವಾಗಿ ಪ್ಯಾಲೆಸ್ತೀನಿಗೆ ಹೋದ.

ಎದುರಿಗಿದ್ದವನು ಸಂತ ಆಗಸ್ಟೀನ್ (354–430), ಈಗಿನ ಆಲ್ಜೀರಿಯಾದಲ್ಲಿರುವ ಹಿಪ್ಪೊ ಪಟ್ಟಣದ ಬಿಷಪ್. ಹದಿನಾರರ ಹರೆಯದಲ್ಲಿ ಗೆಳೆಯರ ಜೊತೆ ಸೇರಿ ಪೇರ್ ಹಣ್ಣು ಕದ್ದದ್ದನ್ನು ಅವನು ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. ಹಸಿವಿರಲಿಲ್ಲ, ಹಣ್ಣು ರುಚಿಯೂ ಇರಲಿಲ್ಲ; ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಕೆಟ್ಟದ್ದು ಎಂಬ ಕಾರಣಕ್ಕೇ ಅದು ಹಿತವಾಗಿತ್ತು. ಅದೇ ಪುಸ್ತಕದಲ್ಲಿ ಅವನು ಇನ್ನೂ ಮಾತು ಬಾರದ ಒಂದು ಮಗುವನ್ನು ತೋರಿಸುತ್ತಾನೆ. ತನ್ನ ಜೊತೆ ಅದೇ ಎದೆಹಾಲು ಕುಡಿಯುವ ಇನ್ನೊಂದು ಕೂಸನ್ನು ಅದು ಬಿಳಿಚಿಕೊಂಡ ಮುಖದಿಂದ ದುರುಗುಟ್ಟಿ ನೋಡುತ್ತಿರುತ್ತದೆ. ಗಾಯ ಇಷ್ಟು ಆಳದಲ್ಲಿದೆ, ಮನುಷ್ಯ ತನ್ನನ್ನು ತಾನೇ ಎತ್ತಿಕೊಳ್ಳಲಾರ, ದೇವರ ಕೃಪೆಯೇ ಮೊದಲು ಬರಬೇಕು ಎಂಬುದು ಆಗಸ್ಟೀನನ ನಿಲುವು.

ಕಾಫಿ ಬೆಳೆಗಾರರಿಗೆ ಈ ಜಗಳ ಬೇಗ ಅರ್ಥವಾಗುತ್ತದೆ. ಗಿಡಕ್ಕೆ ಎಲೆ ತುಕ್ಕು ಬಂದರೆ ಅದು ಪಕ್ಕದ ಗಿಡದಿಂದ ಹಾರಿ ಬಂದದ್ದು ಎನ್ನುವುದು ಒಂದು ಮಾತು; ಬಂದ ರೋಗವನ್ನು ತಡೆಯುವ ಶಕ್ತಿ ತಳಿಯಲ್ಲೇ ಇಲ್ಲ ಎನ್ನುವುದು ಇನ್ನೊಂದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ತಳಿಗಳ ಮೇಲೆ ಇಷ್ಟು ದುಡಿದದ್ದು ಈ ಎರಡನೆಯ ಮಾತಿನಿಂದಾಗಿ. ಪಾಪ ಕಂಡು ಕಲಿತದ್ದು ಎಂದ ಪೆಲೇಜಿಯಸ್. ತಳಿಯಲ್ಲೇ ಬಂದದ್ದು ಎಂದ ಆಗಸ್ಟೀನ್.

415ರಲ್ಲಿ ಪ್ಯಾಲೆಸ್ತೀನಿನ ಡಯಾಸ್ಪೊಲಿಸ್‌ನಲ್ಲಿ ಸೇರಿದ ಬಿಷಪ್ಪರ ಸಭೆ ಪೆಲೇಜಿಯಸನನ್ನು ವಿಚಾರಿಸಿ ನಿರ್ದೋಷಿ ಎಂದಿತು. ಆಫ್ರಿಕದ ಬಿಷಪ್ಪರು ಅದನ್ನು ಒಪ್ಪಲಿಲ್ಲ. 418ರಲ್ಲಿ ಚಕ್ರವರ್ತಿ ಹೊನೋರಿಯಸ್ ಅವನನ್ನು ರೋಮಿನಿಂದ ಗಡೀಪಾರು ಮಾಡುವ ಆಜ್ಞೆ ಹೊರಡಿಸಿದ. ಅದೇ ವರ್ಷ ಕಾರ್ಥೇಜಿನ ಸಭೆ ಅವನ ಬೋಧೆಯನ್ನು ಖಂಡಿಸಿತು, ಪೋಪ್ ಜೋಸಿಮಸ್ ಕೂಡ ಖಂಡಿಸಿದ. ಆಮೇಲೆ ಅವನೇನಾದ ಎಂಬುದಕ್ಕೆ ಗಟ್ಟಿ ದಾಖಲೆ ಇಲ್ಲ.

ಪುಸ್ತಕ ಮಾತ್ರ ಸಾಯಲಿಲ್ಲ. ಪೌಲನನ್ನು ಓದುವವರಿಗೆ ಅಷ್ಟು ಚಿಕ್ಕದಾಗಿ, ಚೊಕ್ಕವಾಗಿ ಅರ್ಥ ಹೇಳುವ ಪುಸ್ತಕ ಲ್ಯಾಟಿನ್ನಿನಲ್ಲಿ ಹೆಚ್ಚಿರಲಿಲ್ಲ. ಹಾಗಾಗಿ ನಕಲು ಮಾಡುವವರು ಅದನ್ನು ಬಿಡಲಿಲ್ಲ. ಬಿಟ್ಟದ್ದು ಕರ್ತೃವಿನ ಹೆಸರನ್ನು. ಒಂದು ಪಾಠ ಅಲ್ಲಲ್ಲಿ ಹೊಸ ಮಾತು ಸೇರಿಕೊಂಡು ಉಬ್ಬಿ, ಸಂತ ಜೆರೋಮನ ಹೆಸರಿನಲ್ಲಿ ಓಡಾಡಿತು. ಇದೇ ಜೆರೋಮ್ ಬದುಕಿದ್ದಾಗ ಪೆಲೇಜಿಯಸನ ಕಡು ವಿರೋಧಿ. ಅವನನ್ನು ಅಂಬಲಿ ಕುಡಿದು ಮೈ ಬೆಳೆಸಿದವನೆಂದು ಹೀಯಾಳಿಸಿದವನು. ಆ ವಿರೋಧಿಯ ಹೆಸರೇ ಪುಸ್ತಕಕ್ಕೆ ಶ್ರೀರಕ್ಷೆಯಾಯಿತು.

ಇನ್ನೊಂದು ಪಾಠ ಆರನೆಯ ಶತಮಾನದಲ್ಲಿ ದಕ್ಷಿಣ ಇಟಲಿಯ ವಿವಾರಿಯಮ್ ಮಠದ ಸ್ಥಾಪಕ ಕ್ಯಾಸಿಯೊಡೋರಸನ ಕೈಗೆ ಬಂತು. ಜನ ಅದನ್ನು ಪೋಪ್ ಗೆಲಾಸಿಯಸನ ಕೃತಿ ಎಂದು ನಂಬಿದ್ದರು. ಓದಿ ನೋಡಿದ ಕ್ಯಾಸಿಯೊಡೋರಸನಿಗೆ ಒಳಗೆ ಪೆಲೇಜಿಯಸನ ಬೋಧೆ ಇರುವುದು ಗೊತ್ತಾಯಿತು. ರೋಮನರಿಗೆ ಬರೆದ ಪತ್ರದ ಭಾಗವನ್ನು ತಾನೇ ತಿದ್ದಿ, ಉಳಿದದ್ದನ್ನು ಹಾಗೆಯೇ ತಿದ್ದುವಂತೆ ಶಿಷ್ಯರಿಗೆ ಬಿಟ್ಟ.

ಅಚ್ಚಿನ ಕಾಲ ಬಂದಾಗ ಎರಡೂ ಪಾಠ ಹೊರಬಂದವು. ಜೆರೋಮನ ಹೆಸರಿನದು 1516ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. ಮೂರು ಶತಮಾನಗಳ ನಂತರ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿದ್ದು ಇದೇ ಊರು. ಸಂಪಾದಕರಲ್ಲಿ ಒಬ್ಬನಾದ ಎರಾಸ್ಮಸ್ ಇದು ಜೆರೋಮನದಲ್ಲ ಎಂದು ಗುರುತಿಸಿದ. ತಿದ್ದಿದ ಪಾಠ 1537ರಲ್ಲಿ ಲಿಯೋನ್‌ನಲ್ಲಿ ಪ್ರಿಮೇಸಿಯಸ್ ಎಂಬ ಆಫ್ರಿಕದ ಬಿಷಪ್ಪನ ಹೆಸರಿನಲ್ಲಿ ಬಂತು. ಒಂದಕ್ಕೆ ಸೇರಿಸಿದ್ದರು, ಇನ್ನೊಂದರಿಂದ ಅಳಿಸಿದ್ದರು. ನಡುವಿನ ಮೂಲ ಎಲ್ಲಿ?

ಮೊದಲ ಸುಳಿವು ಕೊಟ್ಟವರು ಐರಿಷ್ ಸನ್ಯಾಸಿಗಳು. ಪೌಲನ ಪತ್ರಗಳ ಅಂಚಿನಲ್ಲಿ ಟಿಪ್ಪಣಿ ಬರೆಯುವಾಗ ಅವರು ಪೆಲೇಜಿಯಸನ ಹೆಸರನ್ನು ಹೆದರದೆ ನೂರಾರು ಸಲ ಬರೆದಿದ್ದರು. ಕೆಲ್ಟಿಕ್ ಭಾಷೆಗಳ ಜರ್ಮನ್ ವಿದ್ವಾಂಸ ಹೈನ್ರಿಷ್ ಜಿಮ್ಮರ್ 1901ರಲ್ಲಿ ಇದನ್ನೆಲ್ಲ ಒಟ್ಟುಗೂಡಿಸಿ ತೋರಿಸಿದರು. ಅಲ್ಲಿಂದ ಹುಡುಕಾಟ ಬಿರುಸಾಯಿತು.

ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಸೂಟರ್ (1873–1949) ಆಗ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರು. ಜರ್ಮನಿಯ ಕಾರ್ಲ್ಸ್‌ರೂಹೆ ಗ್ರಂಥಾಲಯದಲ್ಲಿ ರೈಷೆನೌ ಮಠದಿಂದ ಬಂದ ಹಳೆಯ ಹಸ್ತಪ್ರತಿಗಳಿದ್ದವು. ಅವುಗಳಲ್ಲಿ 119ನೆಯದು ಒಂಬತ್ತನೆಯ ಶತಮಾನದ್ದು, ಪೌಲನ ಪತ್ರಗಳ ಮೇಲಿನ ಒಂದು ವ್ಯಾಖ್ಯಾನ, ಕರ್ತೃವಿನ ಹೆಸರಿಲ್ಲ. ಅಸಲಿಯನ್ನು ಒರೆಗೆ ಹಚ್ಚಲು ಸೂಟರ್ ಬಳಿ ಒಂದು ಕಲ್ಲಿತ್ತು: ಎದುರಾಳಿಯ ಬರಹ. 412ರ ಸುಮಾರಿಗೆ ಆಗಸ್ಟೀನ್ ಪೆಲೇಜಿಯಸನ ವ್ಯಾಖ್ಯಾನ ಓದಿ, ಅದರ ಒಂದು ವಾದವನ್ನು ಎತ್ತಿ ಬರೆದಿದ್ದ. ಪಾಪ ಮಾಡದವರಿಗೂ ಆದಾಮನ ಪಾಪ ಕೆಡುಕು ಮಾಡುವುದಾದರೆ, ನಂಬದವರಿಗೂ ಕ್ರಿಸ್ತನ ನೀತಿವಂತಿಕೆ ಒಳಿತು ಮಾಡಬೇಕಲ್ಲ ಎಂಬುದು ಆ ವಾದ. ಪೆಲೇಜಿಯಸ್ ಅದನ್ನು ತನ್ನದೆಂದು ಹೇಳದೆ, ವಂಶಪಾಪವನ್ನು ಒಪ್ಪದವರ ಮಾತು ಎಂದು ವರದಿ ಮಾಡಿದ್ದಾನೆ ಎಂದೂ ಆಗಸ್ಟೀನ್ ಪ್ರಾಮಾಣಿಕವಾಗಿ ದಾಖಲಿಸಿದ್ದ. ಕಾರ್ಲ್ಸ್‌ರೂಹೆ ಪ್ರತಿಯಲ್ಲಿ ಆ ವಾದ ಅದೇ ಜಾಗದಲ್ಲಿ, ಅದೇ ಬಗೆಯಲ್ಲಿ ಇತ್ತು. 1906ರಲ್ಲಿ ಸೂಟರ್ ಈ ಶೋಧವನ್ನು ಬ್ರಿಟಿಷ್ ಅಕಾಡೆಮಿಯ ಮುಂದಿಟ್ಟರು. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿದ್ದ ಹದಿನೈದನೆಯ ಶತಮಾನದ ಒಂದು ಪ್ರತಿಯೂ ಬೆಂಬಲಕ್ಕೆ ಬಂತು. ಪ್ರತಿಗಳನ್ನು ಸಾಲು ಸಾಲಾಗಿ ತಾಳೆ ನೋಡಿ 1922, 1926, 1931ರಲ್ಲಿ ಮೂರು ಸಂಪುಟ ಹೊರತಂದರು. ಮೂರನೆಯದು ಜೆರೋಮನ ಹೆಸರಿನ ಪಾಠದಲ್ಲಿ ನಂತರ ಸೇರಿಸಿದ್ದ ಮಾತುಗಳಿಗೇ ಮೀಸಲು.

ಸಿಕ್ಕಿದ ಪೆಲೇಜಿಯಸ್ ವಿರೋಧಿಗಳು ಚಿತ್ರಿಸಿದಷ್ಟು ಸರಳನಲ್ಲ. ಪಾಪ ಲೋಕಕ್ಕೆ ಬಂದದ್ದು ಆದಾಮನ ಮೇಲ್ಪಂಕ್ತಿಯಿಂದ ಎಂದು ಅವನು ಬರೆದದ್ದು ನಿಜ. ಅಲ್ಲಿ ಆಗಸ್ಟೀನನಿಗೂ ಅವನಿಗೂ ದಾರಿ ಕವಲೊಡೆಯುತ್ತದೆ. ಆದರೆ ಅದೇ ವ್ಯಾಖ್ಯಾನದಲ್ಲಿ ಜ್ಞಾನಸ್ನಾನದ ಹೊತ್ತಿಗೆ ದೇವರು ಪಾಪಿಯನ್ನು ಕ್ಷಮಿಸುವುದು ನಂಬಿಕೆಯೊಂದರಿಂದಲೇ ಎಂದು ಮತ್ತೆ ಮತ್ತೆ ಬರುತ್ತದೆ. ಸ್ವಂತ ಪುಣ್ಯದ ಬಲದಿಂದ ಮೋಕ್ಷ ಕೊಳ್ಳಬಹುದು ಎಂದವನೆಂದು ಶತಮಾನಗಳ ಕಾಲ ಬೈಸಿಕೊಂಡವನ ಬಾಯಲ್ಲಿ ಈ ಮಾತು!

ಪೂರ್ವದ ಚರ್ಚುಗಳು ಈ ಜಗಳದ ಎರಡು ತುದಿಯಲ್ಲೂ ನಿಲ್ಲಲಿಲ್ಲ. ಆದಾಮನಿಂದ ಮನುಕುಲಕ್ಕೆ ಬಂದದ್ದು ಸಾವು ಮತ್ತು ಕುಂದು, ಅವನ ಅಪರಾಧವಲ್ಲ ಎಂಬುದು ಅವುಗಳ ಒಲವು. 373ರಲ್ಲಿ ತೀರಿಕೊಂಡ ಸಿರಿಯಾಕ್ ಕವಿ ಸಂತ ಎಫ್ರೇಮ್ ಪ್ರಕಾರ ಆದಾಮ ಕಳೆದುಕೊಂಡದ್ದು ಮಹಿಮೆಯ ಉಡುಪು; ಜ್ಞಾನಸ್ನಾನದಲ್ಲಿ ಕ್ರಿಸ್ತ ಅದನ್ನು ಮತ್ತೆ ತೊಡಿಸುತ್ತಾನೆ. ನರಸಿಂಹರಾಜಪುರದ ಸಿರಿಯನ್ ಕ್ರೈಸ್ತರ ಆರಾಧನೆಯ ಬೇರು ಈ ಸಿರಿಯಾಕ್ ನೆಲದಲ್ಲೇ ಇದೆ. ಪಶ್ಚಿಮವೂ ನಿಂತಲ್ಲೇ ನಿಂತಿಲ್ಲ. ಜ್ಞಾನಸ್ನಾನವಾಗದೆ ತೀರಿಕೊಂಡ ಶಿಶುಗಳಿಗೆ, ಅತ್ಯಂತ ಲಘುವಾದದ್ದಾದರೂ, ಶಿಕ್ಷೆ ತಪ್ಪದು ಎಂದಿದ್ದ ಆಗಸ್ಟೀನ್. ಅಂಥ ಶಿಶುಗಳ ರಕ್ಷಣೆಗಾಗಿ ಆಶಿಸಲು ಬಲವಾದ ಆಧಾರಗಳಿವೆ ಎಂದು 2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೇವತಾಶಾಸ್ತ್ರ ಆಯೋಗ ಹೇಳಿತು. ಜನ್ಮಪಾಪ ನಾವು ಮಾಡಿದ್ದಲ್ಲ, ನಮಗೆ ಬಂದದ್ದು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬಿಡಿಸಿ ಹೇಳುತ್ತದೆ.

ಸೂಟರ್ ಮಾಡಿದ ಕೆಲಸ ಪೆಲೇಜಿಯಸನನ್ನು ಗೆಲ್ಲಿಸಲಿಲ್ಲ; ಗೆಲ್ಲಿಸಬೇಕಾಗಿಯೂ ಇಲ್ಲ. ಪೇರ್ ಹಣ್ಣು ಕದ್ದ ಹುಡುಗ ನಮ್ಮೊಳಗಿದ್ದಾನೆ, ಅವನನ್ನು ಬುದ್ಧಿವಾದವೊಂದೇ ತಿದ್ದಲಾರದು ಎಂಬ ಆಗಸ್ಟೀನನ ಅರಿವು ನನಗೆ ಇಂದಿಗೂ ಸತ್ಯವೆನಿಸುತ್ತದೆ. ಆದರೆ ‘ನಾವು ಹುಟ್ಟಿದ್ದೇ ಹೀಗೆ’ ಎಂಬ ನೆಪ ನಾಲಿಗೆಗೆ ಬರುವ ದಿನ ಬೇಕಾಗುವುದು ಪೆಲೇಜಿಯಸನ ದನಿ. ಧರ್ಮಸಭೆಗಳು ಬೋಧೆಯನ್ನು ನಿರ್ಣಯಿಸಲಿ, ಅದು ಅವುಗಳ ಹೊಣೆ. ನಮ್ಮ ಮಕ್ಕಳಿಗೆ ಧರ್ಮಬೋಧನೆ ಮಾಡುವವರು ಮಾತ್ರ ಆಗಸ್ಟೀನನ ತೀರ್ಪಿನ ಜೊತೆಗೆ ಪೆಲೇಜಿಯಸನ ಮಾತನ್ನೂ ಅವನದೇ ಬಾಯಿಂದ ಕೇಳಿಸಬೇಕು. ಹಾಗೆ ಕೇಳಿಸಿಕೊಂಡ ನಂಬಿಕೆ ಹೆಚ್ಚು ಗಟ್ಟಿ.