ಸೇನಾಸಂದೇಶವೂ ಶಬ್ದಾರ್ಥನಿರ್ಣಯವೂ

‘ಸೈಂಧವವನ್ನು ತಾ’ ಎಂಬುದು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸುಪ್ರಸಿದ್ಧವಾದ ಉದಾಹರಣೆ. ಸೈಂಧವವೆಂದರೆ ಉಪ್ಪೂ ಹೌದು, ಸಿಂಧುದೇಶದ ಕುದುರೆಯೂ ಹೌದು. ಊಟಕ್ಕೆ ಕುಳಿತವನು ಹೇಳಿದರೆ ಉಪ್ಪನ್ನೂ ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆಯನ್ನೂ ತರತಕ್ಕದ್ದು. ಇಲ್ಲಿ ಅರ್ಥವನ್ನು ನಿರ್ಣಯಿಸುವುದು ಪ್ರಕರಣ. ಹೇಳುವವನೂ ಕೇಳುವವನೂ ಒಂದೇ ಪ್ರಕರಣವನ್ನು ಕಾಣುತ್ತಿರುವುದರಿಂದಲೇ ಈ ನಿರ್ಣಯವು ಸುಲಭವಾಗುತ್ತದೆ. ರಣರಂಗದಲ್ಲಿ ಹಾಗಲ್ಲ. ಅಪ್ಪಣೆ ಕೊಡುವವನು ಒಂದೆಡೆ. ಅದನ್ನು ನಡೆಸುವವನು ದೂರದಲ್ಲಿ ಇನ್ನೊಂದೆಡೆ. ಆದುದರಿಂದ ಸೇನಾಸಂದೇಶವು ತನ್ನ ಪ್ರಕರಣವನ್ನು ತಾನೇ ಹೊತ್ತುಕೊಂಡು ಹೋಗಬೇಕು. ಯುದ್ಧಾಭ್ಯಾಸಗಳಲ್ಲಿ ಸಂದೇಶವ್ಯವಸ್ಥೆಯನ್ನು ತಿದ್ದುವ ಪ್ರಯತ್ನಗಳ ಮರ್ಮವು ಇದರಲ್ಲಿದೆ.

ಇದಕ್ಕೆ ನಿದರ್ಶನವಾಗಿ 1854ನೆಯ ಇಸವಿ ಅಕ್ಟೋಬರ್ 25ರಂದು ಕ್ರೈಮಿಯದ ಬಾಲಕ್ಲಾವದಲ್ಲಿ ನಡೆದ ಸಂಗತಿಯನ್ನು ನೋಡಬಹುದು. ಬ್ರಿಟಿಷ್ ಸೇನಾಧಿಪತಿಯಾದ ಲಾರ್ಡ್ ರಾಗ್ಲನ್ ಎತ್ತರವಾದ ದಿಬ್ಬದ ಮೇಲಿದ್ದನು. ರಷ್ಯನ್ನರು ತಾವು ಗೆದ್ದುಕೊಂಡ ಫಿರಂಗಿಗಳನ್ನು ಸಾಗಿಸುತ್ತಿರುವಂತೆ ಅಲ್ಲಿಂದ ತೋರಿತು. ಅಶ್ವಸೈನ್ಯವು ಮುನ್ನಡೆದು ಶತ್ರುವು ಫಿರಂಗಿಗಳನ್ನು ಒಯ್ಯದಂತೆ ತಡೆಯತಕ್ಕದ್ದೆಂಬ ಅಪ್ಪಣೆಯನ್ನು ಜನರಲ್ ಏರಿಯು ಸೀಸದಕಡ್ಡಿಯಿಂದ ಬರೆದನು. ಕ್ಯಾಪ್ಟನ್ ನೋಲನ್ ಅದನ್ನು ಕೊಂಡೊಯ್ದನು. ಕೆಳಗಿದ್ದ ಅಶ್ವಸೇನಾನಿ ಲಾರ್ಡ್ ಲ್ಯೂಕನನಿಗೆ ಆ ಫಿರಂಗಿಗಳು ಕಾಣುತ್ತಿರಲಿಲ್ಲ. ಯಾವ ಫಿರಂಗಿಗಳೆಂದು ಕೇಳಿದುದಕ್ಕೆ ನೋಲನ್ ಕೈಬೀಸಿ ತೋರಿಸಿದನು. ಲ್ಯೂಕನನ ಕಣ್ಣಿಗೆ ಬಿದ್ದುವು ಕಣಿವೆಯ ಕೊನೆಯಲ್ಲಿದ್ದ ಬೇರೆ ಫಿರಂಗಿಗಳು. ಸುಮಾರು 670 ರಾವುತರು ಮೂರು ಕಡೆಯ ಗುಂಡಿನ ಮಳೆಯ ನಡುವೆ ಅವುಗಳ ಮೇಲೆ ನುಗ್ಗಿದರು. ನೂರಕ್ಕೂ ಹೆಚ್ಚು ಮಂದಿ ಮಡಿದರು. ನೋಲನ್ನನೂ ಆರಂಭದಲ್ಲಿಯೇ ಹತನಾದನು. ಆ ಚೀಟಿಯ ವಾಕ್ಯದಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಅಂಗಗಳೂ ಇದ್ದುವು; ತಾತ್ಪರ್ಯವು ಮಾತ್ರ ದಿಬ್ಬದ ಮೇಲೆಯೇ ಉಳಿದುಹೋಯಿತು. ‘ಫಿರಂಗಿ’ ಎಂಬ ಶಬ್ದವು ಅಲ್ಲಿ ಸೈಂಧವವಾಯಿತು.

ಈ ಬಗೆಯ ಅನುಭವಗಳಿಂದ ಕ್ರಮೇಣ ಕೆಲವು ನಿಯಮಗಳು ರೂಢಿಗೆ ಬಂದಿವೆ. ಸಂದೇಶಪತ್ರದಲ್ಲಿ ಕಳುಹಿಸಿದವನು, ಪಡೆಯತಕ್ಕವನು, ದಿನ, ವೇಳೆ ಇವುಗಳಿಗೆ ಗೊತ್ತಾದ ಸ್ಥಾನಗಳುಂಟು. ‘ಎಡಗಡೆಯ ಗುಡ್ಡ’ ಎನ್ನದೆ ನಕ್ಷೆಯ ಚೌಕದ ಅಂಕಿಗಳಿಂದ ಸ್ಥಳವನ್ನು ಸೂಚಿಸುತ್ತಾರೆ. ಬೆಳಗಿನ ಆರು, ಸಂಜೆಯ ಆರು ಎಂಬ ಸಂದೇಹಕ್ಕೆ ಎಡೆಯಿಲ್ಲದಂತೆ ಬ್ರಿಟಿಷ್ ಸೇನೆಯು 1918ರಲ್ಲಿ 24 ಗಂಟೆಗಳ ಎಣಿಕೆಯನ್ನು ಅಂಗೀಕರಿಸಿತು. ದೂರವಾಣಿಯಲ್ಲಿ ಬಿ, ಡಿ, ಪಿ, ಟಿ ಎಂಬ ಅಕ್ಷರಗಳು ಒಂದೇ ಬಗೆಯಾಗಿ ಕೇಳಿಸುವುದರಿಂದ ಎ ಎಂಬುದಕ್ಕೆ ‘ಆಕ್’, ಪಿ ಎಂಬುದಕ್ಕೆ ‘ಪಿಪ್’ ಎಂದು ಹೇಳುವ ವಾಡಿಕೆಯು ಹುಟ್ಟಿತು. ‘ಆಲ್ಫಾ’, ‘ಬ್ರಾವೋ’ ಮೊದಲಾದ ಇಂದಿನ ಮಾಲೆಯು 1956ರಲ್ಲಿ ಬಳಕೆಗೆ ಬಂದಿತು. ಕೇಳಿದವನು ಮುಖ್ಯಾಂಶಗಳನ್ನು ತಿರುಗಿ ಒಪ್ಪಿಸುವುದು ಇವೆಲ್ಲಕ್ಕೂ ಕಾವಲು.

ಆದರೆ ನಿಯಮವನ್ನು ಅರಿತಿರುವುದು ಬೇರೆ, ದಣಿವು ಗದ್ದಲಗಳ ನಡುವೆ ಅದನ್ನು ಪಾಲಿಸುವುದು ಬೇರೆ. ಯುದ್ಧಾಭ್ಯಾಸದ ಪ್ರಯೋಜನವು ಇಲ್ಲಿಯೇ. 1931ರಲ್ಲಿ ಇಂಗ್ಲೆಂಡಿನ ಸಾಲಿಸ್ಬರಿ ಮೈದಾನದಲ್ಲಿ ಬ್ರಿಗೇಡಿಯರ್ ಚಾರ್ಲ್ಸ್ ಬ್ರಾಡ್ ಎಂಬಾತನು ಒಂದು ಟ್ಯಾಂಕ್ ದಳವನ್ನು ರೇಡಿಯೋ ಮತ್ತು ಬಾವುಟದ ಸಂಕೇತಗಳಿಂದ ನಡೆಸಿದನು. ಹೊಸ ಯಂತ್ರದಷ್ಟೇ, ಮೊದಲೇ ಗೊತ್ತುಮಾಡಿಕೊಂಡು ಪಳಗಿದ್ದ ಚಿಕ್ಕ ಆಜ್ಞೆಗಳೂ ಅಂತಹ ಚಲನೆಗೆ ಆವಶ್ಯಕ.

ಅಭ್ಯಾಸವು ದೋಷವನ್ನು ಮರೆಮಾಡುವುದೂ ಉಂಟು. ಪರಿಚಿತವಾದ ನೆಲ, ಮುಂಚಿತವಾಗಿ ಎಳೆದ ತಂತಿ, ಮುಂದಿನ ಘಟನೆಯನ್ನು ಬಲ್ಲ ಅಧಿಕಾರಿ ಇವು ಕೂಡಿದಲ್ಲಿ ಅರ್ಧವಾಕ್ಯವೂ ಪೂರ್ಣವಾಗಿ ತಿಳಿಯುತ್ತದೆ. ಏಕೆಂದರೆ ಎಲ್ಲರಿಗೂ ಪ್ರಕರಣವು ಒಂದೇ. ಆದುದರಿಂದ ತೀರ್ಪುಗಾರರು ನಡುವೆ ತಂತಿಯನ್ನು ಕಡಿಸಬೇಕು. ಮುಖ್ಯ ಠಾಣೆಯು ನಾಶವಾಯಿತೆಂದು ಸಾರಬೇಕು. ಸಂಗತಿಯನ್ನರಿಯದವನ ಕೈಗೆ ಸಂದೇಶವನ್ನು ಕೊಟ್ಟು ಅವನು ಏನೆಂದು ಗ್ರಹಿಸಿದನೆಂದು ಕೇಳಬೇಕು. ಬರೆದ ವೇಳೆ, ಕಳುಹಿದ ವೇಳೆ, ತಲುಪಿದ ವೇಳೆಗಳನ್ನು ಹೋಲಿಸಿದರೆ ವಿಳಂಬವು ಬರೆಯುವ ಮೇಜಿನಲ್ಲಿಯೋ ದಾರಿಯಲ್ಲಿಯೋ ಎಂಬುದು ಗೊತ್ತಾಗುತ್ತದೆ. ಪ್ರತಿಯೊಬ್ಬನೂ ತನ್ನ ಸಂದೇಶವನ್ನು ‘ಅತಿ ಜರೂರು’ ಎಂದು ಗುರುತಿಸಿದರೆ ಯಾವುದೂ ಜರೂರಾಗಿ ಉಳಿಯುವುದಿಲ್ಲವೆಂಬುದೂ ಇಂತಹ ಪರೀಕ್ಷೆಯಿಂದಲೇ ಮನದಟ್ಟಾಗತಕ್ಕದ್ದು.

ಕಾವ್ಯದಲ್ಲಿ ಧ್ವನಿಯೇ ಆತ್ಮವೆಂದು ಆನಂದವರ್ಧನನ ಮತ. ವಾಚ್ಯವನ್ನು ಮೀರಿದ ಅರ್ಥವು ಸಹೃದಯನಿಗೆ ಹೊಳೆದಷ್ಟೂ ಕಾವ್ಯಕ್ಕೆ ಶೋಭೆ. ಸೇನಾಸಂದೇಶದಲ್ಲಿ ಅದೇ ಗುಣವು ಮಹಾದೋಷ. ಅಲ್ಲಿ ಅಭಿಧೆಯೊಂದೇ ಸಲ್ಲತಕ್ಕದ್ದು. ಕವಿಯು ಸಹೃದಯನ ಊಹೆಯನ್ನು ನಂಬಬಹುದು. ದಳಪತಿಯು ಹಾಗೆ ನಂಬಿದರೆ ಅದರ ಬೆಲೆಯನ್ನು ತೆರುವವರು ಆ ಚೀಟಿಯನ್ನು ಓದಿಯೇ ಇರದ ಸಿಪಾಯಿಗಳು.