ಎರಡು ಗಾಲಿಯ ಮೇಲೆ ಮೂರು ಊರು

ಸುಖಕ್ಕಾಗಿ ಸೈಕಲ್ಲು ತುಳಿಯುವುದು ಎಂಬ ಮಾತೇ ನಮ್ಮ ಕಡೆಯ ಹಿರಿಯರಿಗೆ ವಿಚಿತ್ರವಾಗಿ ಕೇಳಿಸುತ್ತಿತ್ತು. ಅವರ ಪಾಲಿಗೆ ಸೈಕಲ್ಲು ಹೊರೆಯ ವಾಹನ. ಹಿಂದೆ ಮೀನಿನ ಬುಟ್ಟಿ ಬಿಗಿದು, ರಬ್ಬರಿನ ಹಾರ್ನು ಒತ್ತುತ್ತ, ಬಿಸಿಲೇರುವ ಮೊದಲು ಮನೆಮನೆ ಮುಟ್ಟಬೇಕಾಗಿದ್ದ ಮೀನಿನವನು. ಗಿರಣಿಗೆ ಭತ್ತದ ಮೂಟೆ ಒಯ್ಯುವ ಒಕ್ಕಲು. ಟಪ್ಪಾಲು ಚೀಲದ ಪೋಸ್ಟ್‌ಮ್ಯಾನ್. ದೂರದ ಶಾಲೆಗೆ ಹೋಗಿ ಬರುವ ಮಾಸ್ತರು—ಸೈಕಲ್ಲು ಇವರದು. ಇವರು ಯಾರೂ ಸೈಕಲ್ಲನ್ನು ಪ್ರೀತಿಸಿದ್ದರೆಂದು ನನಗೆ ತೋರುವುದಿಲ್ಲ. ನಮ್ಮ ಗುಡ್ಡೆಯ ಏರುಗಳಲ್ಲಿ ಸೈಕಲ್ಲಿನ ಮೇಲೆ ಕೂತದ್ದಕ್ಕಿಂತ ಅದನ್ನು ನೂಕಿದ್ದೇ ಹೆಚ್ಚು.

ಒಮ್ಮೆ ಬಂಟ್ವಾಳದಿಂದ ಸಿದ್ಧಕಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ ಏದುಸಿರು ಬಿಡುತ್ತ, ಏರಿನ ತಲೆಯಲ್ಲಿದ್ದ ಅಶ್ವತ್ಥ ಕಟ್ಟೆಯ ಮೇಲೆ ಕುಳಿತಿದ್ದೆ. ಅಲ್ಲಿ ಮೊದಲೇ ಕುಳಿತಿದ್ದ ವೃದ್ಧರೊಬ್ಬರು "ಓಡೆಗ್?" ಎಂದರು. ಎಲ್ಲಿಗೆ ಎಂದು ತುಳುವಿನಲ್ಲಿ ಕೇಳುವ ಈ ಒಂದು ಶಬ್ದಕ್ಕೆ ನಮ್ಮಲ್ಲಿ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಎಲ್ಲಿಗೂ ಇಲ್ಲ, ಸುಮ್ಮನೆ ಹೊರಟವನು ಎಂದೆ. ಅವರು ನನ್ನನ್ನೂ ಸೈಕಲ್ಲನ್ನೂ ಒಂದೆರಡು ಸಲ ನೋಡಿ, "ಸುಮ್ಮನೆ ಹೋಗುವುದಾದರೆ ಇಳಿಜಾರಿನಲ್ಲೇ ಹೋಗಬಹುದಲ್ಲ ಮಾರಾಯ್ರೆ" ಎಂದರು. ನ್ಯಾಯವಾದ ಪ್ರಶ್ನೆ. ಆಗ ಉತ್ತರ ಹೊಳೆಯಲಿಲ್ಲ. ಇಂದಿನ ಈ ಭಾಷಣ, ತಡವಾಗಿಯಾದರೂ, ಅವರಿಗೆ ಕೊಡುವ ಉತ್ತರವೆಂದೇ ಕೇಳುಗರು ಭಾವಿಸಬಹುದು.

ವಿಹಾರಕ್ಕಾಗಿ ಸೈಕಲ್ಲೇರುವ ಹವ್ಯಾಸ ಹೊಸದಲ್ಲ. ಮುಂದಿನ ಗಾಲಿ ದೊಡ್ಡದು, ಹಿಂದಿನದು ಪುಟ್ಟದು ಎನ್ನುವ ಅಪಾಯದ ಸೈಕಲ್ಲುಗಳಿದ್ದ ಕಾಲದಲ್ಲೇ, 1878ರಲ್ಲಿ, ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿತು. ಎರಡೂ ಗಾಲಿ ಸಮನಾದ, ಸರಪಳಿಯ ಸೈಕಲ್ಲನ್ನು ಸ್ಟಾರ್ಲಿ ಎಂಬವನು 1885ರಲ್ಲಿ ಹೊರತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರು ಕೊಟ್ಟ. ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಮೂವರು 1928ರಲ್ಲಿ ಸುತ್ತು ಮುಗಿಸಿ ಮರಳಿದರು. ಆದರೆ ನಮ್ಮಂಥ ಗುಡ್ಡಗಾಡಿನವರು ಋಣಿಯಾಗಿರಬೇಕಾದದ್ದು ಫ್ರಾನ್ಸಿನ ಪಾಲ್ ದ ವಿವೀ ಎಂಬ ರೇಷ್ಮೆ ವ್ಯಾಪಾರಿಗೆ. ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈತ 1887ರಲ್ಲಿ ಸೈಕಲ್ಲಿಗೆಂದೇ ಪತ್ರಿಕೆ ಹೊರಡಿಸಿ, ಏರಿಗೆ ಒಂದು, ಸಮತಟ್ಟಿಗೆ ಇನ್ನೊಂದು ಹೀಗೆ ಬೇರೆ ಬೇರೆ ಗೇರು ಬೇಕೆಂದು ಜೀವಮಾನವೆಲ್ಲ ವಾದಿಸಿದ. ಗಂಡಸಾದವನಿಗೆ ಗೇರು ಏಕೆಂದು ಕೇಳುವವರು ಆಗಲೂ ಇದ್ದರು. ಫ್ರಾನ್ಸಿನ ಹೆಸರಾಂತ ಸೈಕಲ್ ಪಂದ್ಯದಲ್ಲಿ ಗೇರು ಬದಲಿಸುವ ಈ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ವೆಲೋಸಿಯೋ ತೀರಿಕೊಂಡು ಏಳು ವರ್ಷವಾದ ಮೇಲೆ.

ಗೇರಿನ ಗುಟ್ಟು ಸರಳವಾದದ್ದು. ಹಳೆಯ ಕರಿ ಸೈಕಲ್ಲಿನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದೆಯೆನ್ನಿ. ಪೆಡಲು ಒಂದು ಸುತ್ತು ಬಂದರೆ ಗಾಲಿ ಎರಡೂವರೆ ಸುತ್ತಿಗಿಂತ ಹೆಚ್ಚು ತಿರುಗಿ, ಸೈಕಲ್ಲು ಸುಮಾರು 6 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಇದು ಲಾಭ. ಏರಿನಲ್ಲಿ ಮೊಣಕಾಲಿಗೆ ಶಿಕ್ಷೆ. ಮುಂದೆ 30, ಹಿಂದೆ 30 ಹಲ್ಲಾದರೆ ಒಂದು ತುಳಿತಕ್ಕೆ 2 ಮೀಟರಿಗೆ ತುಸು ಹೆಚ್ಚು ಮಾತ್ರ ಸಾಗಬಹುದು. ಆದರೆ ಕಾಲಿನ ಮೇಲಿನ ಭಾರ ಮೂರರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಒಟ್ಟು ದುಡಿಮೆಯೇನೂ ಕಡಿಮೆಯಾಗುವುದಿಲ್ಲ. ಒಂದೇ ಸಲ ಹೊರಲಾರದ ಅಕ್ಕಿಯನ್ನು ಮೂರು ಸಲ ಹೊತ್ತ ಹಾಗೆ. ಮೀನಿನವನಿಗೆ ಈ ಅನುಕೂಲ ಇರಲಿಲ್ಲ ಎಂಬುದನ್ನು ಗೇರಿನ ಸೈಕಲ್ಲಿನವರು ಮರೆಯದಿದ್ದರೆ ಚೆನ್ನ.

ಇನ್ನು ನೆಲದ ವಿಚಾರ. ನಮ್ಮ ಜಿಲ್ಲೆಯ ನದಿಗಳು ಘಟ್ಟದಲ್ಲಿ ಹುಟ್ಟಿ ಪಡುವಣ ಕಡಲಿಗೆ ಓಡುವಂಥವು. ಬಂಟ್ವಾಳ ನೇತ್ರಾವತಿಯ ದಂಡೆಯಲ್ಲಿದೆ. ಅದಕ್ಕೆ ಉತ್ತರದಲ್ಲಿ ಫಲ್ಗುಣಿ, ಎಂದರೆ ಗುರುಪುರ ಹೊಳೆ. ಅದನ್ನೂ ದಾಟಿ ಉತ್ತರಕ್ಕೆ ಹೋದರೆ ಮೂಡುಬಿದಿರೆ. ಹೀಗಾಗಿ ನಮ್ಮಲ್ಲಿ ದಾರಿಗಳು ಎರಡು ಜಾತಿಯವು: ನದಿಯ ಜೊತೆಗೆ ಹೋಗುವವು, ನದಿಗೆ ಅಡ್ಡಲಾಗಿ ಹೋಗುವವು. ಬಂಟ್ವಾಳದಿಂದ ಬೆಳ್ತಂಗಡಿಯ ದಾರಿ ಹೆಚ್ಚುಕಡಿಮೆ ಮೊದಲನೆಯ ಜಾತಿ. ಬಂಟ್ವಾಳದಿಂದ ಮೂಡುಬಿದಿರೆಯದು ಎರಡನೆಯದು. ಅದು ಒಂದೊಂದು ಹಳ್ಳಕ್ಕೂ ಇಳಿಯಬೇಕು, ಒಂದೊಂದು ಗುಡ್ಡೆಗೂ ಹತ್ತಬೇಕು. ಮೋಟಾರಿನಲ್ಲಿ ಹೋಗುವವನಿಗೆ ಎರಡೂ ಒಂದೇ. ಸೈಕಲ್ಲಿನವನಿಗೆ ಈ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಉಸಿರೇ ತಿಳಿಸುತ್ತದೆ.

ಪ್ರತಿಯೊಂದು ಏರಿಗೂ ಒಂದು ಕ್ರಮವಿದೆ. ತಳದಲ್ಲಿ ತೋಡು, ತೋಡಿನ ಬದಿಗೆ ಬೈಲುಗದ್ದೆ. ನೀರು ತಪ್ಪದ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದರು. ತುಸು ಮೇಲೆ ಎರಡು ಬೆಳೆಯ ಮಜಲು. ಅದರ ಮೇಲೆ ಮಳೆಯನ್ನೇ ನಂಬಿದ ಒಂದು ಬೆಳೆಯ ಬೆಟ್ಟು. ಬೆಟ್ಟಿಗೂ ಮೇಲೆ, ಏನೂ ಬೆಳೆಯದ, ಮುರಕಲ್ಲಿನ ಹಾಸು ಬಿದ್ದ ಪದವು. ನಮ್ಮ ಹೊಲಗಳಿಗೆ ಕಂದಾಯ ಕಟ್ಟಿದ್ದೂ ಈ ಲೆಕ್ಕದಲ್ಲೇ; ಊರುಗಳಿಗೆ ಹೆಸರು ಬಂದದ್ದೂ ಹೀಗೆಯೇ. ಹೊಸಬೆಟ್ಟು, ಸಂಗಬೆಟ್ಟು ಎಂಬ ಹೆಸರುಗಳನ್ನು ಬಸ್ಸಿನ ಬೋರ್ಡಿನಲ್ಲಿ ಓದಿ ನಾನು ಬೆಳೆದೆ. ಬೆಟ್ಟು ಎಂದರೇನೆಂದು ತಿಳಿದದ್ದು ಸೈಕಲ್ಲು ತುಳಿಯತೊಡಗಿದ ಮೇಲೆ. ಬೈಲಿನಲ್ಲಿ ಗಾಳಿ ತಂಪು, ಕೆಸರಿನ ವಾಸನೆ. ಮಜಲಿಗೆ ಬರುವಾಗ ತುಳಿತ ಬಿಗಿಯಾಗುತ್ತದೆ. ಬೆಟ್ಟಿನಲ್ಲಿ ಬೆವರು. ಪದವಿಗೆ ಏರಿದೊಡನೆ ಆಕಾಶ ತೆರೆದು, ಮೂಡಣದಲ್ಲಿ ಘಟ್ಟದ ನೀಲಿ ಗೋಡೆ ಕಾಣಿಸುತ್ತದೆ. ಅರ್ಧ ಗಂಟೆಯಲ್ಲಿ ನಮ್ಮ ಕೃಷಿಯ ಇಡೀ ವ್ಯವಸ್ಥೆ ಕಾಲಿನ ಕೆಳಗೆ ಹಾದುಹೋಗಿರುತ್ತದೆ.

ಮುರಕಲ್ಲಿನ ಕುರಿತು ಎರಡು ಮಾತು. ಕೋಟ್ಯಂತರ ಮಳೆಗಾಲಗಳ ನೀರು ಕಲ್ಲಿನೊಳಗಿನ ಸಿಲಿಕವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶ ಉಳಿದು ಆದದ್ದು ಈ ತೂತುತೂತಿನ ಕೆಂಪು ಕಲ್ಲು. ನೆಲದಡಿಯಲ್ಲಿರುವಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗಿದ್ದು, ಕಡಿದು ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ನಮ್ಮ ಮನೆಗಳೆಲ್ಲ ಅದರವೇ. ಇದಕ್ಕೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ, ಮಲಬಾರಿನ ಕಲ್ಲನ್ನು ಕುರಿತು ಬರೆಯುವಾಗ. ಇದೇ ಬುಕಾನನ್ 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಹಾದುಹೋಗಿದ್ದ. ಕಂಪೆನಿ ಸರಕಾರದ ಕೆಲಸಕ್ಕೆ ಬಂದವನು. ಅವನ ಉದ್ದೇಶವೇನೂ ನಿಷ್ಕಾಮವಾದುದಲ್ಲ. ಆದರೂ ಗದ್ದೆಗಳ ವರ್ಗ, ಭತ್ತದ ತಳಿ, ಬಸದಿ, ಒಕ್ಕಲು, ಗೇಣಿ ಎಲ್ಲವನ್ನೂ ಆತ ಬರೆದಿಟ್ಟುಕೊಂಡ. ದಿನಕ್ಕೆ ಕೆಲವೇ ಹರದಾರಿಯ ಅವನ ನಡೆ ಅದಕ್ಕೆ ಸಮಯ ಕೊಟ್ಟಿತು. ಬುಕಾನನ್ನನ ಹಲವು ದಿನಗಳ ಹಾದಿಯನ್ನು ಸೈಕಲ್ಲಿನವನು ಒಂದು ದಿನದಲ್ಲಿ ಮುಗಿಸಬಲ್ಲ. ಹಾಗಿದ್ದೂ ನಿಲ್ಲಬೇಕೆನಿಸಿದಲ್ಲಿ ಒಂದು ಕಾಲು ನೆಲಕ್ಕಿಟ್ಟರೆ ಸಾಕು.

ಮೂರು ಊರನ್ನೂ ಸೇರಿಸಿ ಸುತ್ತಿದರೆ ನೂರು ಕಿಲೋಮೀಟರಿನ ಆಸುಪಾಸು ಆಗುತ್ತದೆ. ನನ್ನ ಸಲಹೆ ಬಂಟ್ವಾಳದಿಂದ ನಸುಕಿನಲ್ಲಿ ಹೊರಡುವುದು. ನದಿಗೆ ಅಡ್ಡಲಾದ ಕಷ್ಟದ ದಾರಿ ಕಾಲು ಹೊಸದಾಗಿರುವಾಗಲೇ ಮುಗಿಯಲಿ. ಲೊರೆಟ್ಟೊ ಇಗರ್ಜಿಯನ್ನು ಹಾದು ಸಿದ್ಧಕಟ್ಟೆಗೆ, ಅಲ್ಲಿಂದ ಫಲ್ಗುಣಿಯನ್ನು ದಾಟಿ ಮೂಡುಬಿದಿರೆಗೆ. ಪಡುಬಿದ್ರೆ ಪಡುವಣ ಬಿದಿರಿನ ಊರು, ಇದು ಮೂಡಣದ್ದು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಸೇರಿದಂತೆ ಹದಿನೆಂಟು ಬಸದಿಗಳು ಇಲ್ಲಿವೆ, ಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು, ರತ್ನಾಕರವರ್ಣಿಯ ಊರು. ಸಾಹಿತ್ಯಾಸಕ್ತರು ಇದನ್ನೆಲ್ಲ ಬಲ್ಲರು. ನಾನು ಹೇಳಬಯಸುವುದು ಮಾಡಿನ ವಿಚಾರ. ಗುಡ್ಡೆಯುದ್ದಕ್ಕೂ ಕಂಡ ಮನೆಗಳ ಇಳಿಜಾರು ಮಾಡನ್ನು ಕಣ್ಣಲ್ಲಿ ತುಂಬಿಕೊಂಡು ಬಂದವನಿಗೆ ಬಸದಿಯ ಅಂತಸ್ತು ಅಂತಸ್ತಾದ ಇಳಿಜಾರು ಮಾಡು ಅಪರಿಚಿತವೆನಿಸುವುದಿಲ್ಲ. ಎರಡನ್ನೂ ರೂಪಿಸಿದ್ದು ಒಂದೇ ಮಳೆ.

ಮೂಡುಬಿದಿರೆಯಿಂದ ವೇಣೂರು ಸುಮಾರು 20 ಕಿಲೋಮೀಟರ್. ಅಲ್ಲಿ ಫಲ್ಗುಣಿಯ ದಂಡೆಯ ಬಳಿ ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ ಗೊಮ್ಮಟನಿದ್ದಾನೆ. ಮುಂದೆ ಗುರುವಾಯನಕೆರೆ, ಹೆಸರಿಗೆ ತಕ್ಕಂತೆ ಅಲ್ಲೊಂದು ದೊಡ್ಡ ಕೆರೆ. ಎಡಕ್ಕೆ ಹೊರಳಿ ಬೆಳ್ತಂಗಡಿಯನ್ನು ಮುಟ್ಟಿದರೆ ಗಡಾಯಿಕಲ್ಲಿನ ದರ್ಶನ. ನೆಲದಿಂದ ನೇರ ಎದ್ದ ಈ ಒಂಟಿ ಬಂಡೆಯ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನೆನ್ನುತ್ತಾರೆ. ಸೈಕಲ್ಲು ತುಳಿಯುವಾಗ ಅದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ರಬ್ಬರು ತೋಟದ ಹಿಂದೆ ಅಡಗಿ, ನಮ್ಮೊಡನೆ ಕಣ್ಣಾಮುಚ್ಚಾಲೆ ಆಡುತ್ತದೆ. ಮರಳುವಾಗ ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗ. ಒಟ್ಟಿನಲ್ಲಿ ಇಳಿಯುವ ದಾರಿಯೇ. ಆದರೆ ನಡುನಡುವಿನ ಏರುಗಳು ದಣಿದ ಕಾಲಿಗೆ ಲೆಕ್ಕ ಒಪ್ಪಿಸುತ್ತವೆ.

ಹೊರಡುವವರಿಗೆ ಕೆಲವು ಮಾತು. ನವೆಂಬರಿನಿಂದ ಫೆಬ್ರವರಿಯ ತನಕ ಒಳ್ಳೆಯ ಕಾಲ. ಮಳೆಗಾಲದ ದಾರಿ ಚಂದವೇನೋ ನಿಜ, ಆದರೆ ಪಾಚಿ ಕಟ್ಟಿದ ಅಂಚು ಜಾರುತ್ತದೆ. ಗಾಲಿಯ ಬಳೆಗೆ ಕಚ್ಚುವ ಬ್ರೇಕು ಒದ್ದೆಯಾದಾಗ ತಡವಾಗಿ ಹಿಡಿಯುತ್ತದೆ. ಇಳಿಜಾರಿನಲ್ಲಿ ವೇಗ ಏರಿದ ಮೇಲೆ ಬ್ರೇಕನ್ನು ನೆನಪಿಸಿಕೊಳ್ಳಬಾರದು. ಹಸಿವಾಗುವ ಮುಂಚೆ ಉಣ್ಣಬೇಕು, ಬಾಯಾರುವ ಮುಂಚೆ ಕುಡಿಯಬೇಕು ಎಂಬುದು ವೆಲೋಸಿಯೋನ ಉಪದೇಶದ ಸಾರ. ನಮ್ಮ ಗೂಡಂಗಡಿಯ ಬನ್ಸು, ಗೋಳಿಬಜೆ, ಪುನರ್ಪುಳಿಯ ಶರಬತ್ತು, ದಾರಿಬದಿಯ ಬೊಂಡ ಇರುವಾಗ ಇದನ್ನು ಪಾಲಿಸಲು ಬಹಳ ಸಂಯಮ ಬೇಕಾಗಿಲ್ಲ.

ಆದರೆ ನಾನು ಹೇಳಿದ ಆ ಕ್ರಮ, ಬೈಲಿನಿಂದ ಪದವಿನ ತನಕ, ಈಗ ಎಲ್ಲೆಡೆ ಕಾಣುವುದಿಲ್ಲ. ಚಾರ್ಮಾಡಿಯ ಕಡೆಯ ಹೆದ್ದಾರಿಯೂ ಮೂಡುಬಿದಿರೆಯ ಮೇಲೆ ಹಾಯುವ ಹೆದ್ದಾರಿಯೂ ಇತ್ತೀಚಿನ ವರ್ಷಗಳಲ್ಲಿ ಅಗಲಗೊಳ್ಳುತ್ತ ಬಂದಿವೆ. ಅಗಲದ ದಾರಿ ಬೇಡವೆನ್ನಲು ನಾನು ಯಾರು? ಆಸ್ಪತ್ರೆಗೆ ಓಡಬೇಕಾದವರು ಬೆಳ್ತಂಗಡಿಯ ಆಚೆಯೂ ಇದ್ದಾರೆ. ಆದರೆ ಹೊಸ ದಾರಿ ಗುಡ್ಡೆಯನ್ನು ಹತ್ತುವುದಿಲ್ಲ, ಕತ್ತರಿಸುತ್ತದೆ; ಬೈಲಿಗೆ ಇಳಿಯುವುದಿಲ್ಲ, ಮಣ್ಣು ತುಂಬಿ ಮೇಲಿಂದ ಹಾಯುತ್ತದೆ. ಬದಿಯ ಮರಗಳು ಹೋದುವು. ಬೈಲುಗದ್ದೆಗಳಲ್ಲಿ ಬಹಳಷ್ಟು ಅಡಿಕೆ ತೋಟವಾಗಿವೆ. ಮಳೆಯ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ ಬಾವಿಗಳಿಗೆ ಉಣಿಸುತ್ತಿದ್ದುದು ಆ ಗದ್ದೆಗಳು. ಗದ್ದೆ ಮಾಡಿದವನಿಗೆ ಆಳು ಸಿಗಲಿಲ್ಲ, ಬೆಲೆ ಸಿಗಲಿಲ್ಲ. ಅವನನ್ನು ದೂರುವ ಹಕ್ಕು ವಿಹಾರಕ್ಕೆ ಬಂದವನಿಗಿಲ್ಲ. ಪದವುಗಳಲ್ಲಿ ಕಲ್ಲಿನ ಕೋರೆಗಳು ಬಾಯಿ ತೆರೆದಿವೆ. ಹಳೆಯ ಏರಿಳಿತದ ದಾರಿ ಇನ್ನೂ ಉಳಿದಿರುವುದು ಒಳಗಿನ ಊರುಗಳಲ್ಲಿ, ಸಿದ್ಧಕಟ್ಟೆ, ವೇಣೂರುಗಳ ಅತ್ತಿತ್ತ ಕವಲೊಡೆಯುವ ಕಿರುರಸ್ತೆಗಳಲ್ಲಿ. ಹೆದ್ದಾರಿಯನ್ನು ಬಿಟ್ಟು ಅವುಗಳಲ್ಲೇ ಹೋಗಿ ಎನ್ನುತ್ತೇನೆ. ಲಾರಿಗಳ ಭಯವೂ ಅಲ್ಲಿ ಕಡಿಮೆ.

ಇಳಿಜಾರಿನಲ್ಲೇ ಹೋಗಬಹುದಲ್ಲ ಎಂದ ಹಿರಿಯರಿಗೆ ಹೇಳಬೇಕಾದದ್ದು ಇಷ್ಟೇ: ಇಳಿಯುವಾಗ ನನಗೆ ಕಾಣುವುದು ದಾರಿ ಮಾತ್ರ, ಗದ್ದೆ ಕಾಣುವುದು ಹತ್ತುವಾಗ. ಆ ಕಟ್ಟೆಯಲ್ಲಿ ಅವರು ಮತ್ತೆ ಸಿಗಲಿಲ್ಲ. ಅಶ್ವತ್ಥ ಈಗಲೂ ಇದೆ. ಅಲ್ಲಿ ಯಾರಾದರೂ ಒಬ್ಬರು ಕುಳಿತೇ ಇರುತ್ತಾರೆ, ಓಡೆಗ್ ಎಂದು ಕೇಳಿಯೇ ಕೇಳುತ್ತಾರೆ.